ಗರಗಸ ಎಲ್ಲಿಂದ ಬಂತೆಂದು ಕೇಳಿದವರಾರು?

2006ರ ಅಕ್ಟೋಬರ್ 6ರಂದು ಅಮೆರಿಕದಲ್ಲಿ ತೆರೆಕಂಡ ‘ದಿ ಟೆಕ್ಸಾಸ್ ಚೈನ್‌ಸಾ ಮ್ಯಾಸಕರ್: ದಿ ಬಿಗಿನಿಂಗ್’ ಚಿತ್ರವನ್ನು ವಿಮರ್ಶಕರು ಅಂದು ಹಿಗ್ಗಾಮುಗ್ಗಾ ಜಾಡಿಸಿದ್ದರು. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ತಾಣದಲ್ಲಿ ಐದರಲ್ಲಿ ಒಂದು ಪಾಲು ಬರಹಗಳೂ ಅದರ ಪರವಾಗಿಲ್ಲ. ವರ್ಷದ ಕಳಪೆ ಚಿತ್ರಗಳಿಗೆ ಅಣಕದ ಪ್ರಶಸ್ತಿ ಹಂಚುವ ರಾಝಿ ಬಳಗವು ಇದನ್ನು ಅತಿ ಕೆಟ್ಟ ಪ್ರೀಕ್ವೆಲ್ (ಪೂರ್ವಕಥೆ) ಅಥವಾ ಸೀಕ್ವೆಲ್ (ಮುಂದುವರಿಕೆ) ವಿಭಾಗದಲ್ಲಿ ನಾಮನಿರ್ದೇಶನ ಮಾಡಿತು; ಆ ಪ್ರಶಸ್ತಿಯೂ ಕೊನೆಗೆ ‘ಬೇಸಿಕ್ ಇನ್‌ಸ್ಟಿಂಕ್ಟ್ 2’ರ ಪಾಲಾಯಿತು. ಕತ್ತರಿ ಬೀಳದ ಆವೃತ್ತಿಯ ಡಿವಿಡಿಯನ್ನು ಈಚೆಗೆ ಮತ್ತೆ ನೋಡಿದಾಗ ನನಗನ್ನಿಸಿದ್ದು ಇಷ್ಟು: ಬೈಗುಳವೆಲ್ಲ ಬಹುಮಟ್ಟಿಗೆ ನ್ಯಾಯವಾದದ್ದೇ, ಆದರೆ ಅದರಲ್ಲಿ ಹೆಚ್ಚಿನದು ರಕ್ತದ ಮೇಲೆ ಖರ್ಚಾಗಿಹೋಗಿದೆ. ಈ ಚಿತ್ರದ ರೋಗ ಇರುವುದು ಬೇರೆ ಕಡೆ.

ರಕ್ತದ ಮಾತನ್ನೇ ಮೊದಲು ಮುಗಿಸಿಬಿಡೋಣ. ನಿರ್ದೇಶಕ ಜೊನಾಥನ್ ಲೀಬ್ಸ್‌ಮನ್ ಅವರು ಮೊದಲು ಸಲ್ಲಿಸಿದ ಪ್ರತಿಗೆ ಅಮೆರಿಕದ ಪ್ರಮಾಣಪತ್ರ ಮಂಡಳಿಯು ಅಲ್ಲಿನ ಅತ್ಯಂತ ಕಠಿಣ ದರ್ಜೆಯಾದ ಎನ್‌ಸಿ-17 ಕೊಟ್ಟಿತ್ತು, ಮತ್ತು ಹಲವು ದೃಶ್ಯಗಳನ್ನು ಮೊಟಕುಗೊಳಿಸಿದ ಮೇಲಷ್ಟೇ ಅದಕ್ಕೆ ‘ಆರ್’ ದರ್ಜೆ ದೊರೆತು ಚಿತ್ರಮಂದಿರಗಳ ಬಾಗಿಲು ತೆರೆಯಿತು. ಅದೇ ವರ್ಷ ಅಮೆರಿಕದ ವಿಮರ್ಶಕ ಡೇವಿಡ್ ಎಡೆಲ್‌ಸ್ಟೈನ್ ಅವರು ಚಿತ್ರಹಿಂಸೆಯನ್ನೇ ಬಂಡವಾಳ ಮಾಡಿಕೊಂಡ ಭಯಾನಕ ಚಿತ್ರಗಳನ್ನು ‘ಟಾರ್ಚರ್ ಪೋರ್ನ್’ ಎಂದು ಕರೆದಿದ್ದರು. ಆ ಹೆಸರು ಇನ್ನೂ ಹೊಸದಾಗಿದ್ದಾಗಲೇ ಈ ಚಿತ್ರ ಬಂದದ್ದರಿಂದ ಅದನ್ನು ಅಂಟಿಸಲು ಯಾರೂ ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಎಲ್ಲರೂ ಹೋಲಿಕೆಗೆ ಎತ್ತಿಕೊಳ್ಳುವುದು 1974ರಲ್ಲಿ ಟೋಬ್ ಹೂಪರ್ ನಿರ್ದೇಶಿಸಿದ ಮೂಲ ಚಿತ್ರವನ್ನು, ಮತ್ತು ಆ ಹೋಲಿಕೆ ತಪ್ಪಲ್ಲ. ಅಲ್ಲಿ ಹುಡುಗಿಯೊಬ್ಬಳನ್ನು ಮಾಂಸದ ಕೊಕ್ಕೆಗೆ ತೂಗುಹಾಕುವ ದೃಶ್ಯದಲ್ಲಿ ಕೊಕ್ಕೆ ಮೈಗಿಳಿಯುವುದನ್ನು ಕ್ಯಾಮೆರಾ ತೋರಿಸುವುದೇ ಇಲ್ಲ; ಆದರೂ ಅದನ್ನು ಕಣ್ಣಾರೆ ಕಂಡೆವೆಂದು ಆಣೆ ಮಾಡುವವರಿದ್ದಾರೆ. 2006ರ ಚಿತ್ರ ಎಲ್ಲವನ್ನೂ ತೋರಿಸುತ್ತದೆ, ತೋರಿಸಿದ್ದನ್ನೇ ಹತ್ತಿರದಿಂದ ಇನ್ನೊಮ್ಮೆ ತೋರಿಸುತ್ತದೆ. ಆದರೆ ಗರಗಸದ ಹೆಸರು ಹೊತ್ತ ಚಿತ್ರಕ್ಕೆ ಟಿಕೆಟ್ ಕೊಂಡು ಹೋಗಿ ರಕ್ತ ಕಂಡಿತೆಂದು ದೂರುವುದರಲ್ಲಿ ಅರ್ಥವೂ ಇಲ್ಲ.

ನಿಜವಾದ ತಕರಾರು ಕಥೆಯ ಕುರಿತದ್ದು. ಇದು 1974ರ ಚಿತ್ರಕ್ಕಲ್ಲ, 2003ರಲ್ಲಿ ಮಾರ್ಕಸ್ ನಿಸ್ಪೆಲ್ ನಿರ್ದೇಶಿಸಿದ ಮರುನಿರ್ಮಾಣಕ್ಕೆ ಪೂರ್ವಕಥೆ. ಮರುನಿರ್ಮಾಣದ ಕಥೆ ನಡೆಯುವುದು 1973ರಲ್ಲಿ. ಇದು 1969ಕ್ಕೆ ಹಿಂದೆ ಸರಿಯುತ್ತದೆ, ಅದಕ್ಕೂ ಮೊದಲು 1939ರ ಒಂದು ಮುನ್ನುಡಿಯೂ ಇದೆ. ಕಸಾಯಿಖಾನೆಯಲ್ಲಿ ದುಡಿಯುವ ಹೆಂಗಸೊಬ್ಬಳು ಕೆಲಸದ ನಡುವೆಯೇ ಹೆತ್ತು ಸಾಯುತ್ತಾಳೆ, ಮೇಲ್ವಿಚಾರಕ ಆ ಕೂಸನ್ನು ಕಸಕ್ಕೆ ಎಸೆಯುತ್ತಾನೆ, ತೊಟ್ಟಿ ಕೆದಕುತ್ತಿದ್ದ ಇನ್ನೊಬ್ಬ ಹೆಂಗಸು ಮಾಂಸ ಕಟ್ಟುವ ಕಾಗದದಲ್ಲಿ ಸುತ್ತಿದ್ದ ಅದನ್ನು ಎತ್ತಿಕೊಂಡು ಮನೆಗೆ ಒಯ್ಯುತ್ತಾಳೆ. ಆ ಕೂಸೇ ಮುಂದೆ ಮುಖವಾಡ ತೊಟ್ಟು ಗರಗಸ ಹಿಡಿಯುವ ಕೊಲೆಗಾರ ಥಾಮಸ್. ಚಿತ್ರದಲ್ಲಿ ನಿಜಕ್ಕೂ ಮೈ ಜುಮ್ಮೆನಿಸುವ ಕೆಲವೇ ನಿಮಿಷಗಳಲ್ಲಿ ಇವೂ ಸೇರಿವೆ, ಏಕೆಂದರೆ ಇಲ್ಲಿ ಯಾರೂ ಏನನ್ನೂ ವಿವರಿಸುವುದಿಲ್ಲ. ಆಮೇಲೆ ಶುರುವಾಗುವುದು ಲೆಕ್ಕ ಒಪ್ಪಿಸುವ ಕೆಲಸ. ಗರಗಸ ಎಲ್ಲಿಂದ ಬಂತು? ಮುಚ್ಚಿಹೋದ ಕಸಾಯಿಖಾನೆಯಿಂದ. ಚರ್ಮದ ಮುಖವಾಡ ಯಾರದು? ಅದಕ್ಕೂ ಉತ್ತರವಿದೆ, ಹೊಲಿಗೆ ಸಮೇತ. ಅದೇ ಮನೆಯ ಹಾಯ್ಟ್ ಎಂಬವನು ಶೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ಆದದ್ದು ಹೇಗೆ? ನಿಜವಾದ ಶೆರಿಫ್‌ನನ್ನು ಕೊಂದು ಸಮವಸ್ತ್ರ ತೊಟ್ಟು. ಅವನ ಮುಂದಿನ ಹಲ್ಲುಗಳು ಉದುರಿದ್ದು ಎಂದು, ಮಾಂಟಿ ಎಂಬ ಮುದುಕನಿಗೆ ಎರಡೂ ಕಾಲಿಲ್ಲದಂತಾದದ್ದು ಹೇಗೆ ಎಂಬುದಕ್ಕೂ ಒಂದೊಂದು ದೃಶ್ಯ ಮೀಸಲು. 2003ರ ಚಿತ್ರ ನೋಡುವಾಗ ಮಾಂಟಿಯ ಕಾಲಿನ ಚರಿತ್ರೆ ತಿಳಿಯದೆ ನಿದ್ದೆಗೆಟ್ಟವರನ್ನು ನಾನಂತೂ ಕಂಡಿಲ್ಲ.

ಹಳಗನ್ನಡದ ಜೈನ ಪುರಾಣಗಳಲ್ಲಿ ಭವಾವಳಿ ಎಂಬುದೊಂದು ಉಂಟು. ಅದು ಪಾತ್ರದ ಹಿಂದಿನ ಜನ್ಮಗಳನ್ನು ಒಂದೊಂದಾಗಿ ಬಿಚ್ಚಿ, ಇಂದಿನ ಸಂಕಟಕ್ಕೆ ಅಂದಿನ ಒಂದು ಸಣ್ಣ ಆಸೆ ಹೇಗೆ ಬೀಜವಾಯಿತೆಂದು ತೋರಿಸುತ್ತದೆ. ಹಿಂದಕ್ಕೆ ಹೋಗಿ ಕಥೆ ಹೇಳುವುದೇ ತಪ್ಪೆಂದು ನಾನು ವಾದಿಸದಿರುವುದು ಅದಕ್ಕಾಗಿಯೇ. ಪೂರ್ವಕಥೆ ಮನುಷ್ಯನನ್ನು ತಿಳಿಸಬೇಕು. ಇದು ವಸ್ತುಗಳನ್ನು ತಿಳಿಸುತ್ತದೆ. ಗರಗಸದ, ಮುಖವಾಡದ, ಟೊಪ್ಪಿಗೆಯ ಜನ್ಮವೃತ್ತಾಂತ ನಮಗೆ ಸಿಗುತ್ತದೆ, ಆದರೆ ಮೂವತ್ತು ವರ್ಷ ಅದೇ ಮನೆಯಲ್ಲಿ ಬೆಳೆದ ಥಾಮಸ್‌ನ ಒಳಗೇನಿತ್ತು ಎಂಬುದು ಮೊದಲಿನಷ್ಟೇ ಮಸುಕು. ಕೆಲಸ ಕಳೆದುಕೊಂಡ ದಿನ ಅವನು ಕಸಾಯಿಖಾನೆಗೆ ಮರಳಿ ಬಂದು ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಾನೆ. ಅಲ್ಲೊಂದು ಕಥೆ ಇತ್ತು. ಆದರೆ ಮರುಕ್ಷಣವೇ ಸುತ್ತಿಗೆ ಎದ್ದಿರುತ್ತದೆ.

ಪೂರ್ವಕಥೆಗೆ ಇನ್ನೊಂದು ಸಂಕಷ್ಟವೂ ಇದೆ. ಥಾಮಸ್‌ನ ಈ ಕೊಲೆಗಡುಕ ಕುಟುಂಬ 1973ರವರೆಗೆ ಯಾರ ಕೈಗೂ ಸಿಕ್ಕಿಲ್ಲವೆಂಬುದು ಮೊದಲೇ ಗೊತ್ತಿರುವಾಗ, 1969ರಲ್ಲಿ ಆ ಮನೆಯ ಹೊಸ್ತಿಲು ದಾಟಿದವರಾರೂ ಬದುಕಿ ಹೊರಬಂದು ಬಾಯಿ ಬಿಡುವಂತಿಲ್ಲ. ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋಗುವ ಸ್ಲ್ಯಾಷರ್ ಚಿತ್ರವನ್ನು ಕೊನೆಯವರೆಗೆ ನೋಡಿಸುವುದೇ ಒಬ್ಬಳಾದರೂ ತಪ್ಪಿಸಿಕೊಂಡಾಳು ಎಂಬ ಎಳೆಯಷ್ಟು ಆಸೆ. ಇಲ್ಲಿ ಆ ಎಳೆ ಮೊದಲ ದೃಶ್ಯಕ್ಕೂ ಮುಂಚೆಯೇ ಕಡಿದಿದೆ. ನಾಯಕಿಯಾದ ಜೋರ್ಡಾನಾ ಬ್ರೂಸ್ಟರ್ ಓಡುತ್ತಾರೆ, ಅವಿತುಕೊಳ್ಳುತ್ತಾರೆ, ಗೆಳೆಯರನ್ನು ಬಿಟ್ಟುಹೋಗಲಾರದೆ ಮತ್ತೆ ಆ ಮನೆಗೇ ಬರುತ್ತಾರೆ. ಅವರ ಶ್ರಮವನ್ನು ನಾವು ಮರುಕದಿಂದ ನೋಡಬಹುದೇ ಹೊರತು ಉಸಿರು ಬಿಗಿಹಿಡಿದಲ್ಲ.

ಹಾಗೆಂದು ಈ ಚಿತ್ರದಲ್ಲಿ ಏನೂ ಇಲ್ಲವೆಂದು ಕೈ ತೊಳೆದುಕೊಳ್ಳುವಂತಿಲ್ಲ, ಮತ್ತು ಅಂದಿನ ಟೀಕೆಯ ಅಬ್ಬರದಲ್ಲಿ ಸಲ್ಲಬೇಕಾದಷ್ಟು ಸಲ್ಲದೆ ಹೋದದ್ದು ಹಾಯ್ಟ್‌ನ ಪಾತ್ರದಲ್ಲಿ ಆರ್. ಲೀ ಅರ್ಮಿ ಅವರ ಅಭಿನಯ. ಆ ಕುಟುಂಬದ ಕೈಗೆ ಸಿಕ್ಕ ಇಬ್ಬರು ಅಣ್ಣತಮ್ಮಂದಿರಲ್ಲಿ ಎರಿಕ್ ವಿಯೆಟ್ನಾಂ ಯುದ್ಧಕ್ಕೆ ಮರಳಲು ಹೊರಟವನು; ತಮ್ಮ ಡೀನ್ ಸೇನೆಯ ಕರೆಪತ್ರವನ್ನು ಸುಟ್ಟು ಮೆಕ್ಸಿಕೋಗೆ ಓಡಿಹೋಗಲು ಬಯಸಿದವನು. ಅರೆಸುಟ್ಟ ಕಾರ್ಡು ಹಾಯ್ಟ್‌ನ ಕೈಗೆ ಸಿಗುತ್ತದೆ. ಅದು ಯಾರದೆಂದು ಅವನು ಕೇಳಿದಾಗ, ಅಣ್ಣ ಅದು ತನ್ನದೆಂದು ಹೇಳಿ ಏಟು ತಿನ್ನುತ್ತಾನೆ; ತಮ್ಮನಿಗೆ ಆ ನೋಟ ಸಹಿಸಲಾಗದೆ ನಿಜ ಹೊರಬೀಳುತ್ತದೆ. ಆಗ ಹಾಯ್ಟ್ ಡೀನ್‌ನನ್ನು ನೆಲಕ್ಕೆ ಕೆಡವಿ ದಂಡ ಹೊಡೆಸುತ್ತಾನೆ, ಹೇಳಿದಷ್ಟು ಹೊಡೆದರೆ ಬಿಡುಗಡೆ ಎಂದು ಆಸೆ ತೋರಿಸುತ್ತಾನೆ. ಅರ್ಮಿ ನಿಜಜೀವನದಲ್ಲೂ ಅಮೆರಿಕದ ಮರೀನ್ ಪಡೆಯಲ್ಲಿ ಡ್ರಿಲ್ ಬೋಧಕರಾಗಿದ್ದವರು. ಆ ದೃಶ್ಯದಲ್ಲಿ ಅವರ ದನಿ ಏರುವ ರೀತಿ, ಎಣಿಕೆ ತಪ್ಪಿದಾಗ ಮುಖದ ಮೇಲೆ ಸುಳಿಯುವ ಸಂತೃಪ್ತಿ, ದೇಶಭಕ್ತಿಯ ಮಾತುಗಳನ್ನು ಆಡುತ್ತಲೇ ಹಿಂಸೆಗೆ ಇಳಿಯುವ ಸಲೀಸುತನ ಇವೆಲ್ಲ ಗರಗಸಕ್ಕಿಂತ ಹೆಚ್ಚು ಹೆದರಿಸುತ್ತವೆ. ಯುದ್ಧದಿಂದ ತಪ್ಪಿಸಿಕೊಳ್ಳಲು ಹೊರಟ ಹುಡುಗ, ಸಮವಸ್ತ್ರವನ್ನು ಕದ್ದು ತೊಟ್ಟ ಕೊಲೆಗಾರನ ಕೈಯಲ್ಲಿ ಸೈನಿಕನಂತೆ ಕವಾಯತು ಮಾಡುತ್ತಾನೆ. ಚಿತ್ರಕಥೆ ಬರೆದ ಶೆಲ್ಡನ್ ಟರ್ನರ್ ಇದೊಂದೇ ಎಳೆಯನ್ನು ಹಿಡಿದಿದ್ದರೆ ಈ ವಿಮರ್ಶೆಯನ್ನು ನಾನು ಬೇರೆ ಬಗೆಯಲ್ಲಿ ಬರೆಯುತ್ತಿದ್ದೆ.

ಉಳಿದ ಯುವ ನಟರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಚೆಲುವಾಗಿದ್ದಾರೆ, ಚೆನ್ನಾಗಿ ಕಿರುಚುತ್ತಾರೆ. ಬಣ್ಣವನ್ನು ಎಷ್ಟು ಹಿಂಡಲಾಗಿದೆ ಎಂದರೆ ಟೆಕ್ಸಾಸಿನ ಬಿಸಿಲಿಗೂ ತುಕ್ಕು ಹಿಡಿದಂತಿದೆ. ಡಿವಿಡಿಯಲ್ಲಿ ಮರಳಿ ಸೇರಿಸಿದ ಭಾಗಗಳು ಗಾಯವನ್ನು ಕೆಲವು ಕ್ಷಣ ಹೆಚ್ಚು ಹೊತ್ತು ತೋರಿಸುತ್ತವೆಯೇ ಹೊರತು ಕಥೆಗೆ ಏನನ್ನೂ ಕೂಡಿಸುವುದಿಲ್ಲ. ಅದಕ್ಕಾಗಿಯೇ ಹುಡುಕಿ ಕೊಳ್ಳಬೇಕಾಗಿಲ್ಲ. ಗಲ್ಲಾಪೆಟ್ಟಿಗೆ ಮಾತ್ರ ವಿಮರ್ಶಕರ ಮಾತಿಗೆ ಪೂರ್ತಿ ಕಿವಿಗೊಡಲಿಲ್ಲ. ಸುಮಾರು 1.6 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 5 ಕೋಟಿ ಡಾಲರ್ ದಾಟಿತು; ಆದರೆ ಇದಕ್ಕಿಂತ ಕಡಿಮೆ ಹಣದಲ್ಲಿ ತಯಾರಾದ 2003ರ ಚಿತ್ರ 10 ಕೋಟಿ ಮೀರಿ ಗಳಿಸಿತ್ತು.

ಕೊನೆಯಲ್ಲಿ ನಾಯಕಿ ಹೇಗೋ ಕಾರು ಹತ್ತಿ ಕತ್ತಲ ರಸ್ತೆಗೆ ಬರುತ್ತಾಳೆ, ದೂರದಲ್ಲಿ ಪೊಲೀಸ್ ವಾಹನದ ದೀಪವೂ ಕಾಣುತ್ತದೆ. ಸಂಗೀತ ತಗ್ಗುತ್ತದೆ, ಅವಳ ಉಸಿರು ಹತೋಟಿಗೆ ಬರುತ್ತದೆ. ಆನೆಯಂಥ ಆ ಆಳು ಅಷ್ಟು ದೊಡ್ಡ ಗರಗಸದೊಡನೆ ಹಿಂದಿನ ಸೀಟಿನಲ್ಲಿ ಸದ್ದಿಲ್ಲದೆ ಹೇಗೆ ಅಡಗಿದ್ದನೆಂದು ಯಾರಾದರೂ ಕೇಳಬಹುದು. ನಾನು ಕೇಳಲಿಲ್ಲ, ಅವನು ಅಲ್ಲಿಂದ ಏಳುವ ಹೊತ್ತಿಗಾಗಲೇ ರಿಮೋಟನ್ನು ಹುಡುಕತೊಡಗಿದ್ದೆ.