ಕಿಕಾಫ್ ಬಂದಾಗ ಓಡೋದಾ, ಕೈ ಬೀಸೋದಾ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕಿಕಾಫ್ (ಆಟ ಶುರು ಮಾಡಲು ಎದುರಾಳಿ ತಂಡ ಒದ್ದು ಕಳಿಸುವ ಚೆಂಡು) ಹಿಡಿಯಲು ನಿಂತವರಿಗೆ ಎರಡು ದಾರಿ: ತಲೆ ಮೇಲೆ ಕೈ ಬೀಸಿ ಫೇರ್ ಕ್ಯಾಚ್ ಹಿಡಿಯುವುದು (ಆಗ ಹಿಡಿದವರು ಓಡುವಂತಿಲ್ಲ, ಎದುರಾಳಿ ಅವರಿಗೆ ಡಿಕ್ಕಿ ಹೊಡೆಯುವಂತಿಲ್ಲ), ಇಲ್ಲವೇ ಚೆಂಡು ಹಿಡಿದು ಓಡುವುದು.

2018ರಿಂದ ತಮ್ಮ 25 ಗಜದ ಗೆರೆಯೊಳಗೆ (ತಮ್ಮ ಗೋಲು ಗೆರೆಯಿಂದ 25 ಗಜದೊಳಗೆ) ಎಲ್ಲಿ ಫೇರ್ ಕ್ಯಾಚ್ ಹಿಡಿದರೂ ಆಟ 25ರಿಂದಲೇ ಶುರು. 3 ಗಜದ ಗೆರೆಯಲ್ಲಿ ಹಿಡಿದರೆ ಸುಮ್ನೆ 22 ಗಜ ಸಿಕ್ಕಂತೆ, ಮೈಗೆ ಪೆಟ್ಟೂ ಇಲ್ಲ. ಓಡಿದರೆ ಅದೇ 22 ಗಜವನ್ನು ನುಗ್ಗಿ ಬರುವವರ ನಡುವೆ ದುಡಿಯಬೇಕು. ನಮ್ಮವರೇ ಯಾರಾದರೂ ಎದುರಾಳಿಯನ್ನು ಹಿಂದಿನಿಂದ ತಳ್ಳಿದರೆ ದಂಡ ಬೇರೆ.

ನನ್ನ ಪ್ರಕಾರ ಚೆಂಡು ಎತ್ತರಕ್ಕೆ ತೇಲಿ ಬಂದರೆ ಕೈ ಬೀಸಿ. ಅಷ್ಟರಲ್ಲಿ ಎದುರಾಳಿಗಳು ಹತ್ತಿರ ಬಂದಿರುತ್ತಾರೆ. ತಗ್ಗಾಗಿ, ವೇಗವಾಗಿ ಬಂದರೆ ಓಡಿ. ಕೊನೆಯ ಸೆಕೆಂಡುಗಳಲ್ಲಿ ಅಂಕದಲ್ಲಿ ಹಿಂದಿದ್ದರೆ ಓಡದೆ ಬೇರೆ ದಾರಿಯಿಲ್ಲ, ಅಲ್ವಾ? ಒಂದು ಎಚ್ಚರ: ಕೈ ಬೀಸಿದ ಮೇಲೆ ಚೆಂಡು ಜಾರಿ ನೆಲಕ್ಕೆ ಬಿದ್ದರೆ, ಅದನ್ನು ಒದ್ದ ತಂಡವೂ ಬಾಚಿಕೊಳ್ಳಬಹುದು.