ಹಿಮದ ಬೆಟ್ಟದಲ್ಲಿ ಗಂಡ-ಹೆಂಡತಿಗೆ ಕೆಲಸ ಸಿಕ್ಕಿದೆ ಅಂತ ಹೊರಡುವ ಮೊದಲು ಇದನ್ನು ಓದಿ

ಆಸ್ಟ್ರೇಲಿಯಾದಲ್ಲಿರುವ ನಮ್ಮ ಕನ್ನಡದವರಿಗೆ, ಅದರಲ್ಲೂ ಈಗಷ್ಟೇ ಓದು ಮುಗಿಸಿ ಕೆಲಸ ಹುಡುಕುತ್ತಿರುವ ಗಂಡ-ಹೆಂಡತಿಯರಿಗೆ ಇದನ್ನು ಬರೆಯುತ್ತಿದ್ದೇನೆ. ಏಪ್ರಿಲ್, ಮೇ ಬಂತು ಅಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತದೆ. "ಸ್ಕೀ ಲಾಡ್ಜ್‌ಗೆ ಕಪಲ್ ಬೇಕು, ಊಟ ವಸತಿ ಅಲ್ಲೇ, ಅನುಭವ ಬೇಡ." ಸ್ಕೀ ಅಂದರೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ, ಅದಕ್ಕೆ ಬರುವವರು ಉಳಿಯುವ ಜಾಗ ಸ್ಕೀ ಲಾಡ್ಜ್. 2024ರಲ್ಲಿ ನಾವು ಅದನ್ನು ನಂಬಿ ಹೋದೆವು. ವಾಪಸ್ ಬರುವಾಗ ನನ್ನ ಬಲಗೈ ಮುರಿದಿತ್ತು. ನಾನು ಅಲ್ಲಿ ಕೆಲಸ ಮಾಡಿದ್ದೆ ಅನ್ನುವುದಕ್ಕೆ ಒಂದೇ ಒಂದು ಕಾಗದವೂ ಇರಲಿಲ್ಲ.

ಮೊದಲು ನಮ್ಮ ಪರಿಸ್ಥಿತಿ ಹೇಳುತ್ತೇನೆ. ನಾವು ದಾವಣಗೆರೆ ಕಡೆಯವರು. ಇವರು ಮೆಲ್ಬರ್ನ್‌ನಲ್ಲಿ ಮಾಸ್ಟರ್ಸ್ ಮುಗಿಸಿ, ಓದಿದ ಮೇಲೆ ಕೆಲಸ ಮಾಡಲು ಕೊಡುವ 485 ವೀಸಾದಲ್ಲಿದ್ದರು, ನಾನು ಅದೇ ವೀಸಾದಲ್ಲಿ ಹೆಂಡತಿಯಾಗಿ. ಇಬ್ಬರಿಗೂ ಎಷ್ಟು ಗಂಟೆ ಬೇಕಾದರೂ ಕೆಲಸ ಮಾಡುವ ಹಕ್ಕಿತ್ತು. ಆದರೆ ಏಳು ತಿಂಗಳಾದರೂ ಇವರ ಓದಿಗೆ ತಕ್ಕ ಕೆಲಸ ಸಿಕ್ಕಿರಲಿಲ್ಲ, ಟಾರ್ನೀಟ್‌ನಲ್ಲಿದ್ದ ಮನೆಯ ಬಾಡಿಗೆ ಮಾತ್ರ ಪ್ರತಿ ವಾರ ತಪ್ಪದೆ ಹೋಗುತ್ತಿತ್ತು. ಊರಿನಿಂದ ತಂದ ದುಡ್ಡು ಕರಗುತ್ತಿತ್ತು. ಆಗ ಬಂದ ಮೆಸೇಜ್ ಅದು.

ಇಲ್ಲಿ ಚಳಿಗಾಲ ಜೂನ್‌ನಿಂದ. ಆಸ್ಟ್ರೇಲಿಯಾದಲ್ಲಿ ಹಿಮ ಬೀಳುತ್ತಾ ಅಂತ ನಮ್ಮಮ್ಮ ಫೋನಿನಲ್ಲಿ ಎರಡು ಸಲ ಕೇಳಿದರು. ಬೀಳುತ್ತದೆ. ವಿಕ್ಟೋರಿಯಾದಲ್ಲಿ ಬುಲ್ಲರ್, ಹೋಥಮ್, ಫಾಲ್ಸ್ ಕ್ರೀಕ್ ಅಂತ ಬೆಟ್ಟಗಳಿವೆ, ನ್ಯೂ ಸೌತ್ ವೇಲ್ಸ್‌ನಲ್ಲಿ ಪೆರಿಶರ್, ಥ್ರೆಡ್‌ಬೋ. ಜೂನ್ ಎರಡನೇ ಸೋಮವಾರ ರಾಜನ ಹುಟ್ಟುಹಬ್ಬದ ರಜೆ, ಆ ವಾರಾಂತ್ಯಕ್ಕೆ ಸೀಸನ್ ಶುರು. ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ನಾವು ಹೋದದ್ದು ವಿಕ್ಟೋರಿಯಾದ ಒಂದು ಬೆಟ್ಟಕ್ಕೆ. ಯಾವುದು, ಯಾವ ಲಾಡ್ಜ್ ಅಂತ ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಓನರ್ ವಿಡಿಯೋ ಕಾಲ್ ಮಾಡಿದರು. ಮಾತೆಲ್ಲ ಬೆಣ್ಣೆ. ಹದಿನೈದು ನಿಮಿಷ ಇವರ ಜೊತೆಗೇ ಮಾತಾಡಿದರು, ಕೊನೆಯಲ್ಲಿ ನನ್ನ ಕಡೆ ನೋಡಿ "ಇವರೂ ಕೈ ಜೋಡಿಸುತ್ತಾರೆ ಅಲ್ವಾ?" ಅಂದರು. ನಾನು ನಕ್ಕು ತಲೆ ಆಡಿಸಿದೆ. ನನ್ನ ಹೆಸರೂ ಕೇಳಲಿಲ್ಲ, ನನ್ನ ಟ್ಯಾಕ್ಸ್ ಫೈಲ್ ನಂಬರೂ ಕೇಳಲಿಲ್ಲ. ಇಬ್ಬರಿಗೂ ಸೇರಿ ವಾರಕ್ಕೆ 1100 ಡಾಲರ್, ಅದರಲ್ಲಿ ರೂಮು ಊಟಕ್ಕೆ 300 ಹಿಡಿದುಕೊಳ್ಳುತ್ತೇವೆ, ಪ್ರತಿ ವಾರ ಇನ್ನೂ ನೂರು ಡಾಲರ್ ಸೀಸನ್ ಮುಗಿಯುವ ತನಕ ನಮ್ಮ ಹತ್ತಿರ ಇರಲಿ, ಮಧ್ಯದಲ್ಲಿ ಬಿಟ್ಟು ಹೋಗದಿದ್ದರೆ ಒಟ್ಟಿಗೆ ಕೊಡುತ್ತೇವೆ ಅಂದರು. ರೂಮಿನ ಬಾಂಡ್, ಅಂದರೆ ಡೆಪಾಸಿಟ್ ಅಂತ 600 ಡಾಲರ್ ಮುಂಚೆಯೇ ಹಾಕಿಸಿಕೊಂಡರು. ನಾವು ಏನು ಮಾಡಿದೆವು ಗೊತ್ತಾ? ಎಲ್ಲರೂ ಮಾಡುವ ತಪ್ಪು. 1100ನ್ನು ರೂಪಾಯಿಗೆ ಗುಣಿಸಿದೆವು. ವಾರಕ್ಕೆ ಅರವತ್ತು ಸಾವಿರ! ಎಷ್ಟು ಗಂಟೆ ಕೆಲಸ ಅಂತ ಭಾಗಿಸಿ ನೋಡಲೇ ಇಲ್ಲ. ನನಗೆ ಒಂಚೂರು ಅಳುಕಿತ್ತು, ಬರೆದು ಕೊಡಲಿ ರೀ ಅಂದೆ. "ಬಿಡು ಕಣೇ, ನಾಲ್ಕು ತಿಂಗಳು ತಾನೆ, ಇಬ್ಬರೂ ಜೊತೆಗೇ ಇರ್ತೀವಲ್ಲ" ಅಂದರು ಇವರು.

ಆಲ್ಡಿ ಸೂಪರ್‌ಮಾರ್ಕೆಟ್ಟಿನ ಸೇಲ್‌ನಲ್ಲಿ ಜಾಕೆಟ್ ತಗೊಂಡು, ಕಾರಿಗೆ ಚೈನ್ ಬಾಡಿಗೆಗೆ ತಗೊಂಡು ಹೊರಟೆವು. ಟೈರಿಗೆ ಹಾಕುವ ಆ ಚೈನ್ ಕಾರಿನಲ್ಲಿಲ್ಲದೆ ಸೀಸನ್ನಿನಲ್ಲಿ ಬೆಟ್ಟ ಹತ್ತುವ ಹಾಗಿಲ್ಲ. ನಮ್ಮ ಬೆಟ್ಟದಲ್ಲಿ ಊರೊಳಗೆ ಕಾರು ಬಿಡುವುದಿಲ್ಲ, ಕೆಳಗೆ ಪಾರ್ಕ್ ಮಾಡಿ ಹಿಮದ ಮೇಲೆ ಓಡುವ ಗಾಡಿಯಲ್ಲಿ ಹೋಗಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ಜಗಳವಾಗಿ ರಾತ್ರಿ ಹೊರಟು ಹೋಗುತ್ತೇನೆ ಅಂದರೂ ಹೋಗಲಾಗದ ಜಾಗ ಅದು. ಕೆಲಸವೂ ಅವರದೇ, ತಲೆ ಮೇಲಿನ ಸೂರೂ ಅವರದೇ, ಕಾರು ದೂರದಲ್ಲಿ ಹಿಮದಡಿ.

ಮೊದಲ ಎರಡು ವಾರ ಹಿಮವೇ ಇರಲಿಲ್ಲ, ಹುಲ್ಲು ಕಾಣುತ್ತಿತ್ತು. ಗಿರಾಕಿಗಳು ಕಡಿಮೆ ಅಂತ ಆ ಎರಡು ವಾರ ಅರ್ಧ ದುಡ್ಡು ಕೊಟ್ಟರು. ಜುಲೈ ನಡುವೆ ಹಿಮ ಸುರಿಯಿತು ನೋಡಿ, ಅಲ್ಲಿಂದ ಉಸಿರಾಡಲು ಪುರುಸೊತ್ತಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಇವರು ಬಾಗಿಲ ಮುಂದಿನ ಹಿಮ ಸಲಿಕೆಯಲ್ಲಿ ಎತ್ತಿ ಹಾಕುತ್ತಿದ್ದರು, ನಾನು ತಿಂಡಿಗೆ ಕೈ ಹಾಕುತ್ತಿದ್ದೆ. ಅದಾದ ಮೇಲೆ ರೂಮುಗಳು. ಡೂನಾ ಅಂದರೆ ದಪ್ಪ ರಜಾಯಿ, ಅದರ ಕವರ್ ಬದಲಿಸುವುದು ಒಂದೆರಡಾದರೆ ಸರಿ, ಗಿರಾಕಿ ಬದಲಾಗುವ ದಿನ ಮೂವತ್ತು ಹಾಸಿಗೆ. ಸಂಜೆ ನಾಲ್ಕಕ್ಕೆ ಮತ್ತೆ ಅಡುಗೆಮನೆ, ಒಂಬತ್ತರವರೆಗೆ ಪಾತ್ರೆ. ರಾತ್ರಿ ಕೊನೆಯ ಕೆಲಸ ಡ್ರೈಯಿಂಗ್ ರೂಮಿನದು. ಎಲ್ಲರ ಒದ್ದೆ ಬೂಟು, ಗ್ಲೌಸು, ಜಾಕೆಟ್ ಒಣಗಲು ಹಾಕುವ ಬಿಸಿ ಕೋಣೆ ಅದು, ನೆಲ ಒರೆಸಬೇಕಿತ್ತು. ಒದ್ದೆ ಉಣ್ಣೆ, ಬೆವರು, ರಬ್ಬರ್ ಎಲ್ಲ ಸೇರಿದ ಒಂದು ವಾಸನೆ. ಆದರೂ ಇಡೀ ದಿನದಲ್ಲಿ ನನಗೆ ಕಾಲು ಬೆಚ್ಚಗಾಗುತ್ತಿದ್ದದ್ದು ಅಲ್ಲಿ ಮಾತ್ರ, ಹಾಗಾಗಿ ನೆಲ ಒರೆಸಿದ ಮೇಲೂ ಬೆಂಚಿನ ಮೇಲೆ ಐದು ನಿಮಿಷ ಕೂತಿರುತ್ತಿದ್ದೆ. ಅಲ್ಲಿ ಕೂತೇ ಒಂದು ರಾತ್ರಿ ಲೆಕ್ಕ ಹಾಕಿದೆ. ಆ ವಾರ ಇವರದು 52 ಗಂಟೆ, ನನ್ನದು 44. ಒಟ್ಟು 96. ಸಾವಿರದ ನೂರನ್ನು ಅದರಿಂದ ಭಾಗಿಸಿದರೆ ಗಂಟೆಗೆ ಹನ್ನೊಂದೂವರೆ ಡಾಲರೂ ಇಲ್ಲ.

ಆಗ ಇಲ್ಲಿನ ಕನಿಷ್ಠ ಕೂಲಿ ಗಂಟೆಗೆ 24.10 ಡಾಲರ್. 2025ರ ಜುಲೈನಿಂದ 24.95 ಆಯಿತು, ಪ್ರತಿ ಜುಲೈನಲ್ಲಿ ಬದಲಾಗುತ್ತದೆ. ಕ್ಯಾಶುವಲ್, ಅಂದರೆ ಖಾಯಂ ಅಲ್ಲದ ಕೆಲಸ ಆಗಿದ್ದರೆ ಅದರ ಮೇಲೆ 25% ಸೇರಬೇಕು, ಅಂದರೆ 30 ಡಾಲರ್ ದಾಟಬೇಕು. ಲಾಡ್ಜ್, ಹೋಟೆಲ್ ಕೆಲಸಕ್ಕೆ ಶನಿವಾರ ಭಾನುವಾರ ಇನ್ನೂ ಜಾಸ್ತಿ. ನಮಗೆ ಬರುತ್ತಿದ್ದದ್ದು ಅರ್ಧಕ್ಕಿಂತ ಕಡಿಮೆ. ಪೇ ಸ್ಲಿಪ್ ತೆಗೆದು ನೋಡಿದರೆ ಇನ್ನೂ ಹೊಟ್ಟೆ ಉರಿಯಿತು. ಇವರ ಹೆಸರಿನಲ್ಲಿ 38 ಗಂಟೆ. ನನ್ನ ಹೆಸರು ಎಲ್ಲೂ ಇಲ್ಲ. ಇಬ್ಬರ ದುಡಿಮೆಯನ್ನು ಒಬ್ಬರ ಕೂಲಿ ಅಂತ ತೋರಿಸಿದ್ದರು, ಹಾಗಾಗಿ ಕಾಗದದ ಮೇಲೆ ಎಲ್ಲ ಸರಿಯಾಗೇ ಕಾಣುತ್ತಿತ್ತು. ನನಗೆ ಸೂಪರ್ ಕೂಡ ಇಲ್ಲ. ಸೂಪರ್ ಅಂದರೆ ನಮ್ಮ ಪಿಎಫ್ ಇದ್ದ ಹಾಗೆ, ಆ ವರ್ಷ 11.5% ಮಾಲೀಕರು ಕಟ್ಟಬೇಕಿತ್ತು.

ಜಗಳ ಮಾಡೋಣ ಅಂದೆ. ಇವರು ಸೀಸನ್ ಮುಗಿಯಲಿ, ಹಿಡಿದಿಟ್ಟ ದುಡ್ಡು ಬರಲಿ ಅಂದರು. ಇವರದೂ ತಪ್ಪಲ್ಲ. ನಮ್ಮದೇ ದುಡ್ಡು ಓನರ್ ಕೈಯಲ್ಲಿತ್ತು, ಬಾಯಿ ಬಿಟ್ಟರೆ ಅದು ಹೋಗುತ್ತದೆ ಅನ್ನುವ ಭಯ. ವಾರವಾರ ಆ ನೂರು ಡಾಲರ್ ಹಿಡಿದಿಡುವುದೇ ಅದಕ್ಕೆ.

ಜುಲೈ ಕೊನೆಯ ವಾರ. ಹಗಲು ಕರಗಿದ ಹಿಮ ರಾತ್ರಿ ಗಟ್ಟಿಯಾಗಿ ಗಾಜಿನ ಹಾಗಾಗಿರುತ್ತದೆ. ಹಿಂದಿನ ಮೆಟ್ಟಿಲಿಗೆ ಆ ದಿನ ಉಪ್ಪು ಹಾಕಿರಲಿಲ್ಲ. ಒಗೆಯುವ ಬಟ್ಟೆಯ ಮೂಟೆ ಎರಡೂ ಕೈಯಲ್ಲಿ ಅಪ್ಪಿಕೊಂಡು ಇಳಿಯುತ್ತಿದ್ದೆ, ಕಾಲು ಕಾಣುತ್ತಿರಲಿಲ್ಲ. ಜಾರಿದೆ. ಬಲಗೈ ಊರಿದೆ. ನೋವಿಗಿಂತ ಮೊದಲು ಒಂದು ಸದ್ದು ಕೇಳಿಸಿತು, ಒಣ ಕಡ್ಡಿ ಮುರಿದ ಹಾಗೆ. ಮೂಟೆ ಬಿಚ್ಚಿ ಬಿಳಿ ಹಾಸುಗಳು ಹಿಮದ ಮೇಲೆ ಹರಡಿಕೊಂಡಿದ್ದವು. ಅಯ್ಯೋ ಮತ್ತೆ ಒಗೆಯಬೇಕಲ್ಲ ಅಂತಲೇ ನನಗೆ ಮೊದಲು ಅನ್ನಿಸಿತು.

ಬೆಟ್ಟದ ಮೇಲಿನ ಕ್ಲಿನಿಕ್ಕಿಗೆ ಓನರ್ ತಾವೇ ಕರೆದುಕೊಂಡು ಹೋದರು. ದಾರಿಯಲ್ಲಿ ಮೆಲ್ಲಗೆ ಹೇಳಿದರು, "ಸ್ಕೀ ಮಾಡುವಾಗ ಬಿದ್ದೆ ಅನ್ನು, ಇಲ್ಲಾಂದ್ರೆ ಸುಮ್ನೆ ರಾಮಾಯಣ ಆಗುತ್ತೆ, ನಿಮ್ಮ ವೀಸಾಗೂ ತೊಂದರೆ." ಇಂಗ್ಲಿಷಿನಲ್ಲಿ ಅಂದದ್ದನ್ನು ನನ್ನ ಮಾತಿನಲ್ಲಿ ಬರೆದಿದ್ದೇನೆ, ಅರ್ಥ ಇಷ್ಟೇ. ನರ್ಸ್ ಹೇಗಾಯಿತು ಅಂತ ಕೇಳಿದರು. ಅಷ್ಟು ದಿನದಲ್ಲಿ ಒಂದು ಸಲವೂ ಸ್ಕೀ ಹಾಕಿಕೊಳ್ಳದ ನಾನು ಸ್ಕೀ ಮಾಡುವಾಗ ಬಿದ್ದೆ ಅಂದೆ. ಆ ಒಂದು ಸುಳ್ಳು ನನಗೆ ಎಷ್ಟು ದುಬಾರಿಯಾಯಿತು ಅಂದರೆ, ಇದನ್ನು ಬರೆಯಲು ಕೂತದ್ದೇ ಅದಕ್ಕೋಸ್ಕರ. ದಯವಿಟ್ಟು, ಯಾರೇ ಹೇಳಲಿ, ಡಾಕ್ಟರ ಮುಂದೆ ಸುಳ್ಳು ಹೇಳಬೇಡಿ. ವಿಕ್ಟೋರಿಯಾದಲ್ಲಿ ಕೆಲಸದಲ್ಲಿ ಪೆಟ್ಟಾದರೆ ವರ್ಕ್‌ಕವರ್ ಇನ್ಶೂರೆನ್ಸ್ ಇದೆ, ಕ್ಯಾಶುವಲ್ ಕೆಲಸದವರಿಗೂ ಇದೆ, ಆಸ್ಪತ್ರೆ ಖರ್ಚೂ ಕೆಲಸ ತಪ್ಪಿದ ವಾರಗಳ ದುಡ್ಡೂ ಬರುತ್ತದೆ. 30 ದಿನದೊಳಗೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಒಂದು ಮೆಸೇಜನ್ನಾದರೂ ಆವತ್ತೇ ಕಳಿಸಿ, ಬಿದ್ದ ಜಾಗದ ಫೋಟೋ ತೆಗೆದಿಡಿ. ನಾನು ಎರಡನ್ನೂ ಮಾಡಲಿಲ್ಲ.

ಕೈಗೆ ಪ್ಲಾಸ್ಟರ್ ಹಾಕಿಕೊಂಡು ರೂಮಿನಲ್ಲಿ ಕೂತೆ. ಆಮೇಲೆ ನಡೆದದ್ದನ್ನು ಗಂಡ-ಹೆಂಡತಿ ಇಬ್ಬರೂ ಹೋಗುವವರು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಓನರ್ ಇವರನ್ನು ಕರೆದು ಹೇಳಿದರು, ಈ ಕೆಲಸ ಜೋಡಿಗೆ ಕೊಟ್ಟದ್ದು, ರೂಮೂ ಜೋಡಿಗೇ, ಒಬ್ಬರು ಕೂತರೆ ಇಬ್ಬರೂ ಹೊರಡಬೇಕಾಗುತ್ತೆ, ಇಲ್ಲಾ ನೀನೇ ಎರಡೂ ನೋಡಿಕೋ. ಕೆಲಸ ಹಂಚುವಾಗ ನಾನು ಕೆಲಸದವಳು. ಕೈ ಮುರಿದಾಗ ಮಾತ್ರ ಕೆಲಸದವರ ಹೆಂಡತಿ. ಇವರು ಒಪ್ಪಿಕೊಂಡರು, ಬೇರೇನು ಮಾಡುತ್ತಾರೆ? ನಾಲ್ಕು ವಾರ ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಒಬ್ಬರೇ ದುಡಿದರು. ಬೆರಳ ಸಂದಿಯೆಲ್ಲ ಒಡೆದು ರಕ್ತ ಬರುತ್ತಿತ್ತು. ನಾನು ಎಡಗೈಯಲ್ಲಿ ವ್ಯಾಸಲೀನ್ ಹಚ್ಚುತ್ತಿದ್ದೆ, ಇಬ್ಬರೂ ಮಾತಾಡುತ್ತಿರಲಿಲ್ಲ. ನನ್ನಿಂದಾಗಿ ಇವರಿಗೆ ಈ ಗತಿ ಅಂತ ನನಗೆ. ಬರೆದು ಕೊಡಲಿ ಅಂತ ನಾನು ಅಂದಾಗ ತಾವು ಕೇಳಲಿಲ್ಲವಲ್ಲ ಅಂತ ಇವರಿಗೆ.

ಆಗಸ್ಟ್ ಕೊನೆಗೆ ಬಿಸಿಗಾಳಿ, ಮಳೆ. 2024ರ ಆಗಸ್ಟ್ ಆಸ್ಟ್ರೇಲಿಯಾದ ದಾಖಲೆಯಲ್ಲೇ ಅತಿ ಬೆಚ್ಚನೆಯ ಆಗಸ್ಟ್. ನೋಡನೋಡುತ್ತಿದ್ದಂತೆ ಬೆಟ್ಟದಲ್ಲಿ ಕಂದು ತೇಪೆಗಳು ಕಾಣಿಸಿಕೊಂಡವು, ಬುಕಿಂಗ್ ರದ್ದಾದವು. ಒಂದು ಭಾನುವಾರ ರಾತ್ರಿ ಪಾತ್ರೆ ತೊಳೆದಾದ ಮೇಲೆ ಓನರ್ ಇವರಿಗೆ ಹೇಳಿದರು, ಮಂಗಳವಾರ ರೂಮು ಖಾಲಿ ಮಾಡಿ ಅಂತ. ಹಿಡಿದಿಟ್ಟಿದ್ದ 1100 ಡಾಲರ್ ಕೇಳಿದರೆ, ಸೀಸನ್ ಪೂರ್ತಿ ಮಾಡಲಿಲ್ಲವಲ್ಲ ಅಂದರು. ನಾವು ಬಿಟ್ಟು ಹೋಗಲಿಲ್ಲ, ನೀವೇ ಕಳಿಸುತ್ತಿದ್ದೀರಿ ಅಂದರೆ ಉತ್ತರವಿಲ್ಲ. ಬಾಂಡ್‌ನಲ್ಲಿ ಕಾರ್ಪೆಟ್ ತೊಳೆಸಿದ ಖರ್ಚು ಮುರಿದುಕೊಂಡು 140 ಡಾಲರ್ ಕೈಗಿಟ್ಟರು.

ಮೆಲ್ಬರ್ನ್‌ಗೆ ಬಂದು ಒಂದು ವಾರ ಸುಮ್ಮನಿದ್ದೆವು. ವೀಸಾ ಭಯ. ಗುರುತಿನ ಒಬ್ಬ ಅಕ್ಕ ಗದರಿಸಿದ ಮೇಲೆ, ಕೆಲಸಗಾರರ ದೂರು ಕೇಳುವ ಸರ್ಕಾರಿ ಕಚೇರಿ ಫೇರ್ ವರ್ಕ್ ಆಂಬುಡ್ಸ್‌ಮನ್‌ಗೆ ಫೋನ್ ಮಾಡಿದೆ. ನಂಬರ್ 13 13 94, ಅವರ ಸಲಹೆಗೆ ದುಡ್ಡು ಕೊಡಬೇಕಿಲ್ಲ. ಅಲ್ಲಿ ಮಾತಾಡಿದವರು ನನ್ನ ಎಷ್ಟೋ ಭಯ ಬಿಡಿಸಿದರು. ನನಗೆ ಅನುಮತಿ ಇತ್ತು, ನಾನು ಕೆಲಸ ಮಾಡಿದೆ, ದೂರು ಕೊಟ್ಟದ್ದಕ್ಕೆ ವೀಸಾ ಹೋಗುವುದಿಲ್ಲ. ಬದಲಿಗೆ ವೀಸಾ ಹೆಸರಲ್ಲಿ ಹೆದರಿಸಿ ಕೆಲಸ ಮಾಡಿಸುವುದೇ 2024ರ ಜುಲೈ 1ರಿಂದ ಅಪರಾಧ. ಗಂಟೆಗಳ ದಾಖಲೆ ಇಡುವುದು ಮಾಲೀಕರ ಕೆಲಸ. ಅವರು ಇಡದಿದ್ದರೆ, ಕೋರ್ಟಿನಲ್ಲಿ ಇವಳು ಕೆಲಸ ಮಾಡಿಲ್ಲ ಅಂತ ಸಾಬೀತು ಮಾಡುವ ಹೊರೆ ಅವರ ಮೇಲೇ ಬೀಳುತ್ತದೆ. ಇದು ಗೊತ್ತಾದ ದಿನ ನಾನು ಅತ್ತುಬಿಟ್ಟೆ.

ನನ್ನ ಬಳಿ ಏನೂ ಇಲ್ಲ ಅಂದುಕೊಂಡಿದ್ದೆ. ಇತ್ತು, ಇವರ ಫೋನಿನಲ್ಲಿ. "ನಿನ್ನ ಹೆಂಡತಿಗೆ 4, 7, 9 ರೂಮು ಮುಗಿಸಲು ಹೇಳು", "ನಾಳೆ ಅವಳು ಆರಕ್ಕೆ ಅಡುಗೆಮನೆಗೆ ಬರಲಿ" ಅಂತ ಓನರ್ ಕಳಿಸಿದ ಮೆಸೇಜುಗಳು, ಎಪ್ಪತ್ತಕ್ಕೂ ಜಾಸ್ತಿ. ಒಂದೊಂದನ್ನೂ ತಾರೀಖಿನ ಪ್ರಕಾರ ಜೋಡಿಸಿ, ಗಂಟೆ ಲೆಕ್ಕ ಬರೆದು, ಇಷ್ಟು ಬಾಕಿ ಕೊಡಿ ಅಂತ ಪತ್ರ ಕಳಿಸಿದೆವು. ಮೊದಲ ಪತ್ರಕ್ಕೆ ಉತ್ತರವಿಲ್ಲ, ಎರಡನೆಯದಕ್ಕೆ ಅವರ ಅಕೌಂಟೆಂಟ್ ಫೋನ್ ಮಾಡಿದರು. ಕೋರ್ಟಿಗೆ ಹೋಗಬಹುದಿತ್ತು, 1 ಲಕ್ಷ ಡಾಲರ್‌ವರೆಗಿನ ಬಾಕಿಗೆ ಸಣ್ಣ ಕ್ಲೇಮ್‌ಗಳ ಸುಲಭದ ದಾರಿ ಇದೆ. ನಮಗೆ ಶಕ್ತಿ ಉಳಿದಿರಲಿಲ್ಲ. ಡಿಸೆಂಬರ್‌ನಲ್ಲಿ ಇವರ ಬಾಕಿ ಪೂರ್ತಿ, ನನ್ನದು ಅರ್ಧ ಅಂತ ಒಪ್ಪಿಕೊಂಡೆವು. ಹೆಸರು ಎಲ್ಲೂ ಹೇಳುವುದಿಲ್ಲ ಅಂತ ಸಹಿ ಹಾಕಿದ್ದೇವೆ. ವರ್ಕ್‌ಕವರ್ ಕ್ಲೇಮ್ ಮಾತ್ರ ತಿರಸ್ಕಾರವಾಯಿತು. ಕ್ಲಿನಿಕ್ಕಿನ ಕಾಗದದಲ್ಲಿ ಸ್ಕೀ ಮಾಡುವಾಗ ಬಿದ್ದದ್ದು ಅಂತ ಇದೆಯಲ್ಲ. ಈಗಲೂ ಚಪಾತಿ ಲಟ್ಟಿಸುವಾಗ ಮಣಿಕಟ್ಟು ಹಿಡಿದುಕೊಳ್ಳುತ್ತದೆ.

ಬೆಟ್ಟಕ್ಕೆ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಹೊತ್ತೊಯ್ಯುವ ಲಿಫ್ಟ್ ನಡೆಸುವ ದೊಡ್ಡ ಕಂಪನಿಗಳಲ್ಲಿ ಸರಿಯಾದ ಕಾಗದ, ಸರಿಯಾದ ಸಂಬಳ ಪಡೆದು ಖುಷಿಯಿಂದ ಸೀಸನ್ ಮಾಡಿ ಬಂದ ನಮ್ಮವರೂ ಇದ್ದಾರೆ. ಅವರು ಚಳಿಗಾಲಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಕರೆಯುತ್ತಾರೆ, ಆಗಲೇ ಹಾಕಿ. ಚಿಕ್ಕ ಲಾಡ್ಜ್ ಆದರೂ ಪರವಾಗಿಲ್ಲ, ಇಬ್ಬರಿಗೂ ಬೇರೆ ಬೇರೆ ಕಾಂಟ್ರಾಕ್ಟ್, ಬೇರೆ ಬೇರೆ ಪೇ ಸ್ಲಿಪ್, ಬೇರೆ ಬೇರೆ ಅಕೌಂಟಿಗೆ ಸಂಬಳ ಕೇಳಿ. ಒಬ್ಬರಿಗೆ ಕಾಯಿಲೆಯಾದರೆ ರೂಮಿನ ಗತಿ ಏನು ಅಂತ ಬರೆಸಿಕೊಳ್ಳಿ. ಟ್ಯಾಕ್ಸ್‌ನಂಥ ಕಾನೂನಿನ ಕಡಿತ ಬಿಟ್ಟು ಸಂಬಳದಲ್ಲಿ ಏನು ಹಿಡಿಯುವುದಿದ್ದರೂ ನಿಮ್ಮ ಒಪ್ಪಿಗೆ ಬರವಣಿಗೆಯಲ್ಲಿ ಬೇಕು, ಅದೂ ನಿಮ್ಮ ಒಳ್ಳೆಯದಕ್ಕೇ ಇರಬೇಕು. ಎಬಿಎನ್, ಅಂದರೆ ಸ್ವಂತ ವ್ಯಾಪಾರದವರ ನಂಬರ್ ಮಾಡಿಸಿಕೊಂಡು ಬನ್ನಿ ಅಂದರೆ ಅಲ್ಲೇ ಫೋನ್ ಇಡಿ, ನಿಮ್ಮನ್ನು ಕೆಲಸಗಾರ ಅಲ್ಲ, ಕಾಂಟ್ರಾಕ್ಟರ್ ಅಂತ ತೋರಿಸುವ ದಾರಿ ಅದು. ಸ್ಟೂಡೆಂಟ್ ವೀಸಾದಲ್ಲಿದ್ದರೆ ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆಯ ಮಿತಿ ಮರೆಯಬೇಡಿ. ಮತ್ತೆ, ದಿನವೂ ನಿಮ್ಮ ಗಂಟೆ ಬರೆದಿಡಿ, ಫೇರ್ ವರ್ಕ್‌ನವರದೇ ರೆಕಾರ್ಡ್ ಮೈ ಅವರ್ಸ್ ಅಂತ ಆ್ಯಪ್ ಇದೆ.

ಕಳೆದ ಮೇ ತಿಂಗಳಲ್ಲಿ ಹಾಸನದ ಒಂದು ಹುಡುಗಿ ಫೋನ್ ಮಾಡಿದ್ದಳು. ಅವಳಿಗೂ ಅವಳ ಗಂಡನಿಗೂ ಇಂಥದೇ ಕೆಲಸ ಬಂದಿತ್ತು. ಬೇರೇನೂ ಕೇಳಬೇಡ, ನಿನ್ನ ಹೆಸರಿನಲ್ಲಿ ಒಂದು ಕಾಂಟ್ರಾಕ್ಟ್ ಕೇಳು ಸಾಕು ಅಂದೆ. ಕೇಳಿದಳಂತೆ. ಆ ಕಡೆಯಿಂದ ಮತ್ತೆ ಫೋನೇ ಬರಲಿಲ್ಲ.