ಹೋಟೆಲಿಗೆ ತಟ್ಟೆ, ಲೋಟ, ಬಟ್ಟಲು: ಒಂಬತ್ತು ತಿಂಗಳು ಬಳಸಿದ ಮೇಲೆ

ನಾನು, ಅತ್ತಿಗೆ ಸೇರಿ ತುಮಕೂರಿನಲ್ಲಿ 36 ಜನ ಕೂರುವ ಒಂದು ಊಟದ ಹೋಟೆಲ್ ನಡೆಸುತ್ತೇವೆ. ಒಲೆ, ಗ್ರೈಂಡರ್, ಫ್ರಿಜ್ಜಿಗೆ ತಿಂಗಳುಗಟ್ಟಲೆ ವಿಚಾರಿಸಿದೆವು. ತಟ್ಟೆ ಲೋಟ ಮಾತ್ರ ಶುರು ಮಾಡುವ ಹಿಂದಿನ ವಾರ ಓಡಿಹೋಗಿ ತಂದೆವು. ಆವತ್ತು ತಂದದ್ದರಲ್ಲಿ ಅರ್ಧ ಈಗ ಅಟ್ಟ ಸೇರಿದೆ. ಎರಡನೇ ಸಲ ಬೆಂಗಳೂರಿನ ಚಿಕ್ಕಪೇಟೆ ಕಡೆಯ ಒಂದು ಹಳೇ ಪಾತ್ರೆ ಅಂಗಡಿಯಿಂದ ತಂದದ್ದು ಒಂಬತ್ತು ತಿಂಗಳಿಂದ ದಿನಾ ಬಳಕೆಯಲ್ಲಿದೆ. ಹೊಸದಾಗಿ ಹೋಟೆಲ್ ಮಾಡುವವರಿಗೆ ಉಪಯೋಗ ಆಗಲಿ ಅಂತ ಎರಡರ ಬಗ್ಗೆಯೂ ಬರೆಯುತ್ತಿದ್ದೇನೆ.

ಮೊದಲು ಮೆಲಮೈನ್. ಬಿಳಿ ತಟ್ಟೆ, ಹಗುರ, ಕೈಜಾರಿ ಬಿದ್ದರೂ ಸುಲಭಕ್ಕೆ ಒಡೆಯಲ್ಲ, ಫೋಟೋದಲ್ಲಂತೂ ತುಂಬಾ ಚೆಂದ. ಮೂರೇ ವಾರಕ್ಕೆ ಹಳದಿ ತಿರುಗಿತು. ನಮ್ಮ ಹುಳಿಯಲ್ಲಿ ಅರಿಶಿನ ಇರುತ್ತದೆ, ಒಗ್ಗರಣೆ ಎಣ್ಣೆ ಇರುತ್ತದೆ, ಎರಡೂ ಸೇರಿದರೆ ಕಲೆ ಹೋಗುವುದಿಲ್ಲ. ತಂತಿ ನಾರಿನಲ್ಲಿ ಉಜ್ಜಿದರೆ ಮೇಲಿನ ಹೊಳಪು ಹೋಗಿ ಗೀರು ಬೀಳುತ್ತದೆ, ಆ ಗೀರಿನೊಳಗೆ ಮತ್ತೆ ಅರಿಶಿನ ಕೂರುತ್ತದೆ. ತೊಳೆಯುವವರ ತಪ್ಪಲ್ಲ ಅದು. ಮೈಕ್ರೋವೇವಿಗೂ ಇಡುವ ಹಾಗಿಲ್ಲ. ಹಣ್ಣು, ಸಿಹಿ, ಒಣ ತಿಂಡಿಗೆ ಪರವಾಗಿಲ್ಲ. ಅನ್ನ ಸಾರಿನ ಊಟಕ್ಕೆ ಖಂಡಿತ ಬೇಡ.

ಸ್ಟೀಲಿನಲ್ಲೂ ಮೊದಲ ಸಲ ಮೋಸ ಹೋದೆವು. 304 ಗ್ರೇಡಿನ ಸ್ಟೀಲ್ ಅಂತ ಹೇಳಿ ಕೊಟ್ಟರು, ಬಿಲ್ಲಿನಲ್ಲಿ ಬರೀ 'ಸ್ಟೀಲ್ ತಟ್ಟೆ' ಅಂತ ಬರೆದರು. ಎರಡು ತಿಂಗಳಿಗೆ ಉಪ್ಪಿನಕಾಯಿ ಬಡಿಸುವ ಜಾಗದಲ್ಲಿ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು ಬಂದವು. 304 ಅಂದರೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. 202 ಅನ್ನುವ ಇನ್ನೊಂದು ಗ್ರೇಡಿನಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ, ಅದಕ್ಕೇ ಬೆಲೆ ಕಡಿಮೆ, ಉಪ್ಪು ಹುಳಿ ತಡೆಯುವ ಶಕ್ತಿಯೂ ಕಡಿಮೆ. ಅಯಸ್ಕಾಂತ ಇಟ್ಟು ನೋಡಿ ಅನ್ನುತ್ತಾರಲ್ವಾ, ಅದನ್ನು ನಂಬಬೇಡಿ. ಎರಡಕ್ಕೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, ಹಾಗಾಗಿ ಯಾವುದು ಯಾವುದು ಅಂತ ಅದರಿಂದ ಗೊತ್ತಾಗಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಆ ಅಂಗಡಿ ಬಿಟ್ಟು ಬನ್ನಿ.

ಇನ್ನು ಅಳತೆ. ಮೊದಲು ತಂದದ್ದು 13 ಇಂಚಿನ ತಟ್ಟೆ. ನಮ್ಮ ಗ್ರಾನೈಟ್ ಟೇಬಲ್ ಎರಡಡಿ ಅಗಲ, ಅಂದರೆ 24 ಇಂಚು. ಎದುರುಬದುರು ಇಬ್ಬರು ಕೂತರೆ ತಟ್ಟೆಗಳಿಗೇ 26 ಇಂಚು ಬೇಕು! ಮೊದಲ ದಿನ ಮಧ್ಯಾಹ್ನ ಒಬ್ಬ ಹಿರಿಯರು ಊಟ ಮುಗಿಯುವ ತನಕ ಎಡಗೈಯಲ್ಲಿ ತಟ್ಟೆಯ ಅಂಚು ಹಿಡಿದುಕೊಂಡೇ ಉಂಡರು. ಅದನ್ನು ನೋಡಿ ನಮಗೆ ತುಂಬಾ ಸಂಕಟವಾಯಿತು. ದಯವಿಟ್ಟು ಟೇಪ್ ಹಿಡಿದು ಟೇಬಲ್ ಅಳೆದುಕೊಂಡೇ ಪೇಟೆಗೆ ಹೋಗಿ. ಈಗ ನಮ್ಮದು 11 ಇಂಚು. ಮೂರು ಬಟ್ಟಲು ಒಳಗಿಟ್ಟರೆ ಅನ್ನ ಕಲೆಸಲು ಜಾಗ ಇರಲ್ಲ ಅಂತ ಒಂದೇ ಬಟ್ಟಲು ಇಡುತ್ತೇವೆ, ಅದು ಸಾರಿಗೆ. ಹುಳಿ ಅನ್ನದ ಮೇಲೆ, ಮಜ್ಜಿಗೆ ಲೋಟಕ್ಕೆ. ಬಟ್ಟಲು ಅಗಲಕ್ಕಿಂತ ಆಳ ಇರಲಿ, ಅಗಲದ್ದರಲ್ಲಿ ಸಾರು ಬೇಗ ಆರುತ್ತದೆ.

ತಟ್ಟೆಯ ಅಂಚಿನ ಬಗ್ಗೆ ನಮಗೆ ಹೇಳಿಕೊಟ್ಟವರು ನಮ್ಮಲ್ಲಿ ಪಾತ್ರೆ ತೊಳೆಯುವ ಅಕ್ಕ. ಒಂದು ತಟ್ಟೆ ಬೋರಲು ಹಾಕಿ, ಮಡಿಸಿದ ಅಂಚಿನ ಸಂದಿಗೆ ಪಿನ್ನು ಹಾಕಿ ಎಳೆದರು. ಕಂದು ಬಣ್ಣದ ಜಿಡ್ಡು ಬಂತು. "ಇದರೊಳಕ್ಕೆ ನಾರು ಹೋಗಲ್ಲ ಕಣಮ್ಮ, ನಾನೆಷ್ಟು ಉಜ್ಜಿದರೂ ಅಷ್ಟೇ" ಅಂದರು. ಎರಡನೇ ಸಲ ಅವರನ್ನೂ ಕರೆದುಕೊಂಡು ಹೋದೆವು. ಅಂಗಡಿಯಲ್ಲಿ ಅವರು ಪ್ರತಿ ತಟ್ಟೆಯ ಅಂಚಿನ ಮೇಲೆ ಉಗುರು ಓಡಿಸಿ ನೋಡಿದರು. ಸಂದಿ ಪೂರ್ತಿ ಮುಚ್ಚಿಕೊಂಡಿದ್ದನ್ನು ಮಾತ್ರ ಆರಿಸಿದರು. ನಾವು ಮಾಡಿದ ಒಳ್ಳೇ ಕೆಲಸ ಅದೇ.

ಲೋಟದ ತೊಂದರೆ ಬೇರೆ. ತೊಳೆದು ಒಂದರೊಳಗೊಂದು ಪೇರಿಸಿದರೆ ಸಿಕ್ಕಿಹಾಕಿಕೊಂಡು ಬಿಡುತ್ತವೆ. ಒಳಗಿನದಕ್ಕೆ ತಣ್ಣೀರು ಹಾಕಿ, ಹೊರಗಿನದನ್ನು ಬಿಸಿನೀರಲ್ಲಿ ಇಟ್ಟರೆ ಬಿಡುತ್ತದೆ, ಆದರೆ ಊಟದ ಹೊತ್ತಿನಲ್ಲಿ ಯಾರಿಗೆ ಪುರುಸೊತ್ತು? ನಡುವಿನಲ್ಲಿ ಒಂದು ಉಬ್ಬು ಗೆರೆ ಇರುವ ಲೋಟ ತಗೊಳ್ಳಿ, ಆ ಗೆರೆ ತಡೆದು ನಿಲ್ಲಿಸುತ್ತದೆ.

ಬಾಳೆಎಲೆ ಬಿಟ್ಟು ಊಟದ ಹೋಟೆಲ್ ಮಾಡಲು ನನಗೆ ಮನಸ್ಸಿರಲಿಲ್ಲ. ತುದಿ ಎಡಕ್ಕೆ ಬರುವ ಹಾಗೆ ಕುಡಿಎಲೆ ಹಾಕಿದರೆ ಆ ಊಟದ ಕಳೆಯೇ ಬೇರೆ. ಆದರೆ ದಿನಾ ಹಾಕಲು ನಮ್ಮ ಟೇಬಲ್ಲಿನ ಅಗಲ ಸಾಲದು, ವರಮಹಾಲಕ್ಷ್ಮಿ, ಗೌರಿ ಗಣೇಶ ಬಂತೆಂದರೆ ಎಲೆ ಬೆಲೆ ಕೈಗೆ ಸಿಗುವುದಿಲ್ಲ. ಹಾಗಾಗಿ ಎಲೆಯನ್ನು ತಟ್ಟೆ ಅಳತೆಗೆ ದುಂಡಗೆ ಕತ್ತರಿಸಿ ಸ್ಟೀಲ್ ತಟ್ಟೆ ಮೇಲೆ ಹಾಕುತ್ತೇವೆ. ಬಿಸಿ ಅನ್ನ ಬಿದ್ದ ತಕ್ಷಣ ಏಳುವ ಎಲೆಯ ವಾಸನೆ ಇದರಲ್ಲೂ ಸಿಗುತ್ತದೆ, ತೊಳೆಯುವ ಕೆಲಸವೂ ಹಗುರ. ಪಾರ್ಸೆಲ್ಲಿಗೆ, ಹೊರಗಿನ ಆರ್ಡರಿಗೆ ಅಡಿಕೆ ಹಾಳೆ ತಟ್ಟೆ ಇಟ್ಟಿದ್ದೇವೆ. ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೂ ತಗೊಳ್ಳಬೇಡಿ.

ಚಿಕ್ಕಪೇಟೆ ಅಂಗಡಿಯವರ ಬಗ್ಗೆ ಹೇಳಲೇಬೇಕು. ನಾವು ನೇರವಾಗಿ ಡಜನ್ ರೇಟ್ ಕೇಳಿದಾಗ ಯಜಮಾನರು, "ಮೊದಲು ಒಂದೊಂದು ತಗೊಂಡು ಹೋಗಿ, ಹದಿನೈದು ದಿನ ಬಳಸಿ ನೋಡಿ, ಆಮೇಲೆ ಡಜನ್ ಮಾತಾಡೋಣ" ಅಂದರು. ಹಾಗೇ ಮಾಡಿದೆವು. ತಟ್ಟೆ ಎಷ್ಟು ಬೇಕು ಅನ್ನುವುದಕ್ಕೆ, ಕೂರುವ ಜಾಗದ ಮೂರರಷ್ಟು ಇರಲಿ ಅಂದರು: ಒಂದು ಟೇಬಲ್ಲಿನಲ್ಲಿ, ಒಂದು ತೊಳೆಯುವ ಕಡೆ, ಒಂದು ಒಣಗಲು. 36ಕ್ಕೆ 108, ಸರಿಯಾಗಿ ಒಂಬತ್ತು ಡಜನ್. ಭಾನುವಾರದ ಜನಕ್ಕೂ ಇದುವರೆಗೆ ಕಡಿಮೆ ಬಿದ್ದಿಲ್ಲ. ತೂಕ ನಮ್ಮ ಎದುರೇ ಹಾಕಿದರು, ಬಿಲ್ಲಿನಲ್ಲಿ 304 ಅಂತ ಬರೆದರು. ಹೋಟೆಲ್ ಹೆಸರು ಕೆತ್ತಿಸಲು ಮಾತ್ರ ಮೂರು ದಿನ ಕಾಯಿಸಿದರು, ದೂರದಿಂದ ಹೋಗುವವರು ಫೋನ್ ಮಾಡಿಕೊಂಡು ಹೋಗುವುದು ಒಳ್ಳೆಯದು.

ಒಂಬತ್ತು ತಿಂಗಳಲ್ಲಿ ಒಂದು ತಟ್ಟೆಗೂ ಚುಕ್ಕೆ ಬಂದಿಲ್ಲ. ಚಮಚ ಮಾತ್ರ ಎಲೆಯ ಜೊತೆ ಕಸದ ಬುಟ್ಟಿಗೆ ಹೋಗುತ್ತಿದೆ, ಎರಡು ಡಜನ್ ಕಡಿಮೆಯಾಗಿದೆ. ಮುಂದಿನ ವಾರ ಅಕ್ಕನ ಜೊತೆ ಮತ್ತೆ ಅದೇ ಅಂಗಡಿಗೆ ಹೊರಟಿದ್ದೇವೆ.